ಬೀಳಲೊಲ್ಲದ ಅನಿಲ

೧೯೮೨ರ ಮಾರ್ಚ್ ೧೨, ಶುಕ್ರವಾರ. ಆಧಾರ: ನಮ್ಮ ಅಡುಗೆಮನೆಯ ಆ ವರ್ಷದ ಮರಾಠಿ ಕ್ಯಾಲೆಂಡರು. ಆ ಚೌಕದಲ್ಲಿ ನನ್ನ ಹೆಂಡತಿ ಸುಧಾ 'ಪೇಢೆ, ಒಂದು ಕಿಲೋ' ಎಂದು ಬರೆದಿದ್ದಾಳೆ. ಅಂದು ನಾನು ಭೌತಶಾಸ್ತ್ರವನ್ನೇ ಬುಡಮೇಲು ಮಾಡಿದ್ದೆ!

ಕಪ್ಪುಕುಳಿಯತ್ತ ಬೀಳುವ ಅನಿಲ ಕಾದು ಬೆಳಗುತ್ತದೆ. ಗುರುತ್ವ ಅನಿಲವನ್ನು ಒಳಕ್ಕೆ ಸೆಳೆದರೆ, ಆ ಬೆಳಕು ಹೊರಕ್ಕೆ ತಳ್ಳುತ್ತದೆ. ಈ ಜಗ್ಗಾಟವನ್ನು ಪುಣೆಯ ನಮ್ಮ ಸಂಸ್ಥೆಯ ಗಣಕದಲ್ಲಿ ಅನುಕರಿಸುವುದು ನನ್ನ ಕೆಲಸ. ಸೋಮವಾರದ ನನ್ನ ಉಪನ್ಯಾಸವನ್ನು ಪ್ರೊಫೆಸರರು ಒಪ್ಪಿದರೆ ಮಾತ್ರ ನನ್ನ ಹುದ್ದೆ ಮತ್ತೊಂದು ವರ್ಷ ಉಳಿಯುತ್ತಿತ್ತು.

ಫಲಿತಾಂಶ ಬಂತು. ಅನಿಲ ಒಳಗೆ ಬಿದ್ದಿರಲಿಲ್ಲ; ಹೊರಗೆ ಹಾರಿತ್ತು! ಸಾಮಾನ್ಯ ಮನುಷ್ಯನಾಗಿದ್ದರೆ ತಪ್ಪು ಹುಡುಕುತ್ತಿದ್ದ. ನಾನು ಬೆಳಕನ್ನು ತಗ್ಗಿಸಿ ಮತ್ತೆ ಲೆಕ್ಕ ಹಾಕಿಸಿದೆ. ಆಗಲೂ ಹಾರಿತು. ಮೇಣದಬತ್ತಿಯಷ್ಟಕ್ಕೆ ಇಳಿಸಿದೆ. ನಿಧಾನವಾಗಿ, ಆದರೆ ಘನತೆಯಿಂದ, ಹಾರಿತು. ಪೇಢೆ ತಂದೆ.

"ಬೆಳಕಿನ ಮುಂದ ಕಪ್ಪುಕುಳಿ ಸೋತದ!" ಎಂದೆ.

ಸುಧಾ ಬಿಜಾಪುರದವಳು. "ಛಲೋ ಆತ್ರಿ. ಆದ್ರ ಒಂದ್ ಸಲನಾರ ಒಳಗ ಬಿದ್ದದೇನ್ರಿ?"

"ಬೀಳೂದಿಲ್ಲ ಅನ್ನೂದ ಶೋಧ!"

"ಹಂಗಾರ ಅದಕ್ಕ ಕುಳಿ ಅಂತ ಯಾಕ ಅಂತೀರಿ? ಸೋಮವಾರ ಆದಮ್ಯಾಲ ಹಂಚ್ರಿ."

ಅಷ್ಟರಲ್ಲಿ ನಾನು ಪಕ್ಕದ ಮನೆಯ ಬಾಗಿಲು ತಟ್ಟಿಯಾಗಿತ್ತು. ಅಲ್ಲಿದ್ದ, ಹೋಟೆಲು ನಡೆಸುವ ಶೆಟ್ಟರು ಕೇಳಿದರು: "ಒಳಗೆ ಹೋದದ್ದು ಹೊರಗೆ ಬರುವುದೇ ಇಲ್ಲ ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೇ?"

"ಒಳಗೆ ಹೋಗಿಯೇ ಇಲ್ಲ ಶೆಟ್ರೇ!"

"ಹಾಗಾದ್ರೆ ಇನ್ನೊಂದು ಪೇಢೆ ಕೊಡಿ."

ಸೋಮವಾರ ಪ್ರೊಫೆಸರರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. "ಬೆಳಕನ್ನು ಪೂರ್ತಿ ಆರಿಸಿದರೆ?"

"ಅನಿಲ ನಿಂತಲ್ಲೇ ನಿಲ್ಲುತ್ತದೆ, ಸರ್!"

"ಕಪ್ಪುಕುಳಿಯ ಬಾಯಲ್ಲಿ?"

"ಅಲ್ಲಾಡದೆ, ಸರ್!"

ಸಭಾಂಗಣವೆಲ್ಲ ನಕ್ಕಿತು. ನಾನು ಹೇಳಿದ್ದು ನನಗೆ ಕೇಳಿಸಿದ್ದು ಆಗಲೇ.

ಆ ಕಾಲದಲ್ಲಿ ಗಣಕದ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ಕಾರ್ಡಿನಲ್ಲಿ ತೂತು ಕೊರೆಯಬೇಕಿತ್ತು. ಕಾರ್ಡಿನ ಎಪ್ಪತ್ತೆರಡನೆಯ ಅಕ್ಷರದವರೆಗೆ ಮಾತ್ರ ಗಣಕ ಓದುತ್ತಿತ್ತು. ಮುಂದಿನ ಎಂಟು ಸ್ಥಾನಗಳು ಅದಕ್ಕೆ ಕಾಣುತ್ತಿರಲಿಲ್ಲ. ಪ್ರೊಫೆಸರರು ನನ್ನ ಕಾರ್ಡು ತರಿಸಿದರು. ಗುರುತ್ವಾಕರ್ಷಣೆಯನ್ನು ನಾನು ಎಪ್ಪತ್ತಮೂರನೆಯ ಸ್ಥಾನದಿಂದ ಆರಂಭಿಸಿದ್ದೆ!

"ಅಂದರೆ ಕಪ್ಪುಕುಳಿಯೇ ಇರಲಿಲ್ಲ," ಎಂದರು ಅವರು, ಮೆಲ್ಲಗೆ. "ಇರಲಿ. ಚಹಾ ಕುಡಿಯೋಣ."

ನಾನು ಅಲ್ಲಿಯೇ ತಲೆಬಾಗಿ ತಪ್ಪೊಪ್ಪಿಕೊಂಡೆ, ಆ ಪ್ರಾಮಾಣಿಕತೆಗೆ ಮೆಚ್ಚಿ ಹುದ್ದೆಯನ್ನು ವಿಸ್ತರಿಸಿದರು ಎಂದು ಇಷ್ಟು ವರ್ಷವೂ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ದಿನಾಂಕ ಖಚಿತಪಡಿಸಿಕೊಳ್ಳಲು ಕಳೆದ ತಿಂಗಳು ಸಂಸ್ಥೆಯಿಂದ ಆ ದಿನದ ನಡಾವಳಿಯ ಪ್ರತಿ ತರಿಸಿದೆ. ದಿನಾಂಕ ಸರಿಯಾಗಿದೆ. ಉಳಿದದ್ದು ಹೀಗಿದೆ: "ಕಾರ್ಡನ್ನು ತೋರಿಸಿದ ಮೇಲೂ ಉಪನ್ಯಾಸಕರು ಚಹಾ ಮುಗಿಯುವವರೆಗೆ ವಾದಿಸಿದರು. ಒಂದು ವರ್ಷದ ವಿಸ್ತರಣೆಗೆ ಶಿಫಾರಸು ಮಾಡಲಾಗಿದೆ. ಅನಿಲವನ್ನು ಒಳಗೆ ಬೀಳಿಸಲು ಅವರಿಗೆ ಅಷ್ಟಾದರೂ ಕಾಲ ಬೇಕು."