ದಾಕಿನವರು ಬಂದರು

ಹೆಣ್ಣು ನೋಡಲು ಹೊರಟ ಹುಡುಗನನ್ನು ಕಂಡು ಒಂದು ಹಳ್ಳಿಯ ಗಂಡಸರು ಕೂತಲ್ಲಿಂದ ಏಳಲೇ ಇಲ್ಲ. ಇನ್ನೊಂದು ಹಳ್ಳಿ ಎದ್ದು ಓಡಿಯೇ ಹೋಯಿತು. ಕೊನೆಗೆ ಆ ಹುಡುಗಿ ಕಣ್ಣು ಮುಚ್ಚಿಕೊಂಡು ತೋಳು ಚಾಚಿ ನಿಂತಳು. ಏನಾಗಿರಬಹುದು, ಹೇಳಿ ನೋಡೋಣ? ಊಹೂಂ, ಅದಲ್ಲ. ಅದೂ ಅಲ್ಲ. ನಿಮಗೆ ಹೊಳೆಯುವುದಿಲ್ಲ ಬಿಡಿ. ಬಸವನಗುಡಿಯ ಎಲ್ಲೆ ದಾಟಿದರೆ ಸಾಕು, ನನಗೆ ಇಂಥವು ದಾರಿ ಕಾಯುತ್ತಲೇ ಇರುತ್ತವೆ. ಅವತ್ತಂತೂ ಒಂದರ ಬೆನ್ನಿಗೊಂದು ಬಂದವು.

ಇದ್ದಿಲ ಬಸ್ಸು

ಯುದ್ಧದ ಕಾಲ. ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ಮಲ್ಲೇಶ್ವರದ ಒಂದು ಮದುವೆಯಲ್ಲಿ ನನ್ನೆಲೆಗೆ ಕೋಸಂಬರಿ ಬಡಿಸಿದ ಹುಡುಗಿ ಮನಸ್ಸಿನಿಂದ ಇಳಿದಿರಲಿಲ್ಲ. ವಿಚಾರಿಸಿದರೆ, ಮಾಗಡಿ ಕಡೆಯ ಒಂದು ಸಣ್ಣ ಊರಿನ ಮೇಷ್ಟರ ಮಗಳು. ಜಾತಕ ಕೂಡಿತು. ಆದರೆ ಹುಡುಗಿಯ ಅಜ್ಜಿ ಒಂದು ಷರತ್ತು ಹೇಳಿ ಕಳಿಸಿದ್ದರು: "ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಗಂಡು ನಮ್ಮ ಹೊಸಿಲು ದಾಟಿರಬೇಕು. ತಪ್ಪಿದರೆ ಕನಕಪುರದ ಗಂಡು ಕಾದಿದೆ."

ಜೊತೆಗೆ ಹೊರಟವರು ನನ್ನ ಭಾವ, ಅಕ್ಕನ ಗಂಡ. ಬ್ರಿಟಿಷರ ದಂಡಿನಲ್ಲಿ ಕೆಲಸ, ಎಲ್ಲವೂ ಬಿಳಿ ದೊರೆಗಳ ಥರ ಆಗಬೇಕು. "ಪಂಚೆ ಉಟ್ಕೊಂಡು ಹೋದ್ರೆ ಪುರೋಹಿತ ಅಂದ್ಕೋತಾರೆ ಕಣೋ" ಅಂತ ನನಗೆ ಪ್ಯಾಂಟು, ಕೋಟು ಹಾಕಿಸಿ, ತಲೆಗೆ ಸಾಹೇಬರು ಹಾಕುವಂಥ ಬೆಂಡಿನ ಟೋಪಿ ಇಟ್ಟರು. ಕೈಗೆ ಕರಿ ಚರ್ಮದ ಚೀಲ. ಒಳಗೆ ಹಣ್ಣು, ಹೂವು, ಕಲ್ಲುಸಕ್ಕರೆ.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ತಾವರೆಕೆರೆ ದಾಟಿದ ಮೇಲೆ ಕೆಮ್ಮಿ ನಿಂತಿತು. ಕಂಡಕ್ಟರು ಇಳಿದು ಹಿಂದಿನ ಇದ್ದಿಲ ಒಲೆಗೆ ಗಾಳಿ ಹಾಕುವ ಚಕ್ರ ತಿರುಗಿಸಿದ. ನಾನೂ ತಿರುಗಿಸಿದೆ. ಭಾವ ಇಂಗ್ಲಿಷಿನಲ್ಲಿ ಬೈದರು. ಬಸ್ಸು ಯಾವುದಕ್ಕೂ ಜಗ್ಗಲಿಲ್ಲ.

"ಅಯ್ಯಾ, ನನ್ನ ಮದುವೆ ಪ್ರಶ್ನೆ!" ಅಂದೆ.

"ಹಂಗಿದ್ರೆ ನಡಕೊಂಡು ಹೋಗ್ಬುಡಿ ಸ್ವಾಮಿ," ಅಂದ ಕಂಡಕ್ಟರು. "ಬಸ್ಸು ನಾಮಕರಣಕ್ಕೆ ಬತ್ತದೆ."

ಏಳದ ಊರು

ಅಡ್ಡದಾರಿ ಹಿಡಿದು ನಡೆದೆವು. ಮೊದಲ ಹಳ್ಳಿಯಲ್ಲಿ ನೋಡಿದರೆ ಪ್ರತಿ ಮನೆಯ ಮುಂದೂ ಒಬ್ಬೊಬ್ಬ ಗಂಡಸು ಚಾಪೆ ಹಾಸಿಕೊಂಡು ನೆಲಕ್ಕೆ ಅಂಟಿದ ಹಾಗೆ ಕೂತಿದ್ದಾನೆ. ಒಬ್ಬ ಯಜಮಾನನನ್ನು ಕೇಳಿದೆ: "ಯಜಮಾನರೇ, ಮೇಷ್ಟರ ಊರಿಗೆ ಯಾವ ಕಡೆ ದಾರಿ? ಸ್ವಲ್ಪ ಎದ್ದು ಬಂದು ತೋರಿಸ್ತೀರಾ?"

ಆತನ ಮುಖ ಬೆವೆತಿತು. "ಏಳಕ್ಕಾಗಕಿಲ್ಲ ಬುದ್ಧಿ. ಸೊಂಟ ಹಿಡ್ಕಂಡದೆ."

ಪಕ್ಕದವನನ್ನು ಕೇಳಿದರೆ ಅವನಿಗೂ ಸೊಂಟ. ಎದುರುಮನೆಯವನು ನಾವು ಕೇಳುವ ಮೊದಲೇ "ನಂಗೂವೆ" ಅಂದ.

ಸರ್ಕಾರ ಲೆವಿ ಅಂತ ರೈತರ ರಾಗಿ ಅಳೆದು ಒಯ್ಯುತ್ತಿದ್ದ ದಿನಗಳವು. ದೂರದಿಂದಲೇ ಟೋಪಿ ಕಂಡು ಲೆವಿ ಸಾಹೇಬರೇ ಬಂದರೆಂದು, ನೆಲದೊಳಗೆ ರಾಗಿ ತುಂಬಿದ್ದ ತಂತಮ್ಮ ಹಗೇವಿನ ಬಾಯಿ ಮೇಲೆ ಅವರೆಲ್ಲ ಕೂತಿದ್ದರೆಂದು ನಮಗೆ ತಿಳಿದದ್ದು ಆಮೇಲೆ. ಆಗ ಭಾವ ಮೂಗು ಮುಚ್ಚಿಕೊಂಡು ಪಿಸುಗುಟ್ಟಿದ್ದು ಇಷ್ಟೇ: "ಇಲ್ಲಿ ನೀರು ಮುಟ್ಟಬೇಡ ಕಣೋ. ಊರಿಗೆ ಊರೇ ಸೊಂಟ ಕಳ್ಕೊಂಡಿದೆ!"

ಓಡಿದ ಊರು

ಎರಡನೆಯ ಹಳ್ಳಿಗೆ ಕಾಲಿಟ್ಟಿದ್ದೆವಷ್ಟೆ, ನೀರಿಗೆ ಬಂದಿದ್ದ ಹೆಂಗಸೊಬ್ಬಳು ಕೊಡ ಬಿಸಾಕಿ ಕೂಗಿದಳು: "ದಾಕು! ದಾಕು ಬಂತು! ಓಡ್ರಪ್ಪೋ!"

ದಾಕು ಅಂದರೆ ಸಿಡುಬು ಬಾರದಂತೆ ತೋಳಿಗೆ ಗೀರಿ ಹಾಕುವ ಔಷಧಿ. ಹಾಕುವವರು ಟೋಪಿ, ಚೀಲ ಹಿಡಿದು ಬರುತ್ತಿದ್ದರು. ಜನಕ್ಕೆ ಹುಲಿ ಕಂಡಷ್ಟು ಭಯ. ನಮ್ಮ ಮನೆಯಲ್ಲಿ ಅದಕ್ಕೆ ವ್ಯಾಕ್ಸಿನೇಷನ್ ಅನ್ನುತ್ತಿದ್ದುದರಿಂದ ಆ ಮಾತೇ ನಾನು ಕೇಳಿರಲಿಲ್ಲ. ಆದರೆ ಭಾವನಿಗೆ ದಂಡಿನ ಹಿಂದೂಸ್ತಾನಿ ಬರುತ್ತಿತ್ತಲ್ಲ!

"ಡಾಕು!" ಅಂದರು, ಮುಖ ಬಿಳಿಚಿಕೊಂಡು. "ಡಾಕು ಅಂದ್ರೆ ದರೋಡೆಕೋರರು ಕಣೋ! ಓಡು!"

ಮಕ್ಕಳನ್ನು ಎತ್ತಿಕೊಂಡು ಊರೆಲ್ಲ ಮಾವಿನ ತೋಪಿನ ಕಡೆ ಓಡಿತು. ಅವರ ಹಿಂದೆ ನಾವು. ಅವರು ತಿರುಗಿ ನೋಡಿ ಇನ್ನೂ ಜೋರಾಗಿ ಕಿರುಚಿದರು. ಅವರು ಕಿರುಚಿದ್ದು ಕೇಳಿ ನಾವು ಇನ್ನೂ ಜೋರಾಗಿ ಓಡಿದೆವು. ಕೊನೆಗೆ ಒಬ್ಬ ಮುದುಕ ಏದುಸಿರು ಬಿಡುತ್ತಾ ನಿಂತು ಭಾವನಿಗೆ ಕೈಮುಗಿದ. "ನನ್ನ ಬುಟ್ಬುಡಿ ಸ್ವಾಮಿ."

ಭಾವ ಓಡುತ್ತಲೇ ಅಂದರು: "ನಿನ್ನನ್ನ ಹಿಡ್ಕೊಂಡು ಕೂರಕ್ಕೆ ನಂಗೆಲ್ಲಯ್ಯಾ ಪುರಸೊತ್ತು!"

ಹೊಸಿಲು

ಹೀಗೆ ಓಡಿದ್ದರಿಂದಲೇ ರಾಹುಕಾಲಕ್ಕೆ ಮೊದಲು ಮೇಷ್ಟರ ಮನೆ ಮುಟ್ಟಿದೆವು. ಮೈಯೆಲ್ಲ ಧೂಳು. ಮೇಷ್ಟರು ನಮ್ಮನ್ನು ಕರೆತರಲು ಬಸ್ಸು ನಿಲ್ಲುವಲ್ಲಿಗೆ ಹೋಗಿದ್ದರು. ಬಾಗಿಲಲ್ಲಿ ಅಜ್ಜಿ. ಟೋಪಿ ನೋಡಿದರು, ಚೀಲ ನೋಡಿದರು.

"ಬನ್ನಿ, ಬನ್ನಿ. ಮನೇಲಿ ಎಲ್ಲರಿಗೂ ಆಗಿದೆ. ಇವಳೊಬ್ಬಳಿಗೇ ಬಾಕಿ."

"ಅದಕ್ಕೇ ಬಂದಿದೀವಿ," ಅಂದರು ಭಾವ, ನನ್ನ ಜೊತೆ ಹೊಸಿಲು ದಾಟುತ್ತಾ, ಖುಷಿಯಾಗಿ.

"ಹೋದ ವರ್ಷ ಬಂದಿದ್ದೋರನ್ನ ನೋಡಿ ಅಟ್ಟ ಹತ್ತಿಬಿಟ್ಲು. ಒಂದು ಗಳಿಗೆ ಕಷ್ಟ, ಆಮೇಲೆ ಜೀವನಪೂರ್ತಿ ನಿಶ್ಚಿಂತೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ."

"ನಮ್ಮ ಹುಡುಗ ಬಹಳ ಸಾಧು, ಅಮ್ಮ."

"ಕೈ ಹಗುರ ಇದ್ರೆ ಸಾಕಪ್ಪ. ಬೇಗ ಕೈ ಹಿಡಿದು ಮುಗಿಸ್ಬಿಡಿ. ಈಗ ಬೆಂಗಳೂರಿಂದ ಗಂಡಿನ ಕಡೆಯೋರು ಬರ್ತಾರೆ. ಅವರಿಗೆ ಗೊತ್ತಾಗಬಾರದು."

ಗಂಡಿನ ಕಡೆಯವರು ನಾವೇ ಅಲ್ಲವೆ? ಗಂಡಿನ ಕಡೆಯವರು ಬರುವುದರೊಳಗೆ ಕೈ ಹಿಡಿಯುವುದೆಂದರೆ? ಅಷ್ಟರಲ್ಲಿ ಕೋಸಂಬರಿಯ ಹುಡುಗಿ ಒಳಗಿನಿಂದ ಹಜಾರಕ್ಕೆ ಬಂದಳು. ಕುಪ್ಪಸದ ತೋಳು ಮಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಗೋಡೆಗೆ ತಿರುಗಿಸಿ, ಕೈ ಚಾಚಿದಳು. "ದಾಕಿನೋರೇ, ಬೇಗ ಹಾಕ್ಬಿಡಿ."

"ನಾನು ದಾಕು ಅಲ್ಲ," ಅಂದೆ. "ಗಂಡು."

ಹುಡುಗಿ ಕಣ್ಣು ಬಿಟ್ಟು ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು. "ಅಯ್ಯೋ! ದಾಕಿನೋರೇ ವಾಸಿಯಿತ್ತು!"

ಅದೇ ಹೊತ್ತಿಗೆ ಒಳಗಿನ ಗಡಿಯಾರ ಹತ್ತೂವರೆ ಹೊಡೆಯಿತು. ಅಜ್ಜಿ ಮುಖ ಗಂಟಿಕ್ಕಿದರು. "ರಾಹುಕಾಲಕ್ಕೆ ಮುಂಚೆ ಒಳಗೆ ಬಂದದ್ದು ದಾಕಿನೋರು. ಗಂಡು ಬಂದದ್ದು ಈಗ. ಆಗೋದಿಲ್ಲ."

ಭಾವ ಇಂಗ್ಲಿಷಿನಲ್ಲೂ ಹಿಂದೂಸ್ತಾನಿಯಲ್ಲೂ ವಾದಿಸಿದರು; ಅಜ್ಜಿ ಬಸ್ಸಿನಂತೆಯೇ ಜಗ್ಗಲಿಲ್ಲ. ನಾನು ಚೀಲ ಎತ್ತಿಕೊಂಡೆ. ಕನಕಪುರದವನು ಕಣ್ಣ ಮುಂದೆ ಬಂದ.

ಹುಡುಗಿ ಮಡಿಸಿದ ತೋಳನ್ನು ನಿಧಾನವಾಗಿ ಇಳಿಸಿಕೊಳ್ಳುತ್ತಾ ಕೇಳಿದಳು: "ಅಜ್ಜಿ, ಹೊಸಿಲು ದಾಟೋದು ಹೆಸರಾ, ಕಾಲಾ?"

"ಕಾಲೇ ಕಣೇ."

"ಕಾಲು ಅವೇ ಅಲ್ವಾ?"

ಅಜ್ಜಿ ನನ್ನ ಬೂಟುಗಳನ್ನೊಮ್ಮೆ, ಹೊಸಿಲನ್ನೊಮ್ಮೆ ನೋಡಿದರು. ಆಮೇಲೆ ಅಂದರು: "ಕೂತ್ಕೊಳ್ಳಪ್ಪ. ಆ ಟೋಪಿ ಮಾತ್ರ ಆಚೆ ಇಡು."

ಮದುವೆ ಆಯಿತು. ಆದರೆ "ದಾಕಿನೋರೇ ವಾಸಿಯಿತ್ತು" ಅನ್ನುವುದನ್ನು ಇವತ್ತಿನ ತನಕ ಕೇಳುತ್ತಲೇ ಇದ್ದೇನೆ. ಕೇಳದೆ ಏನು ಮಾಡಲಿ? ವರ್ಷದಲ್ಲಿ ಒಂದು ದಿನವಿದೆ; ಆ ದಿನ ಆಡಿದ ಮಾತನ್ನೇ ವರ್ಷವಿಡೀ ಆಡುತ್ತಾರೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅವತ್ತು ಯುಗಾದಿಯ ಮಾರನೆಯ ದಿನ, ಶುಕ್ರವಾರ, ವರ್ಷತೊಡಕು.