ಚುಚ್ಚಿದ್ದು ತೋಳಿಗೆ, ಹೋದದ್ದು ಮೀಸೆ

ಕ್ಷೌರದಂಗಡಿಯ ಸಿಡುಕಪ್ಪನಿಗೆ (ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಹೆಂಡತಿಗೂ ಮರೆತುಹೋಗಿದೆ) ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅದರಲ್ಲೂ ಯಾರಾದರೂ ಬುದ್ಧಿ ಹೇಳಿದರೆ ಕೇಳುವುದೇ ಬೇಡ. ಆ ಹಾಳು ವೈರಸ್ಸಿಗೆ ಲಸಿಕೆ ಹಾಕಿಸಿಕೊಳ್ಳಲು ಹೋದಾಗಲೂ ಅದೇ ಆಯಿತು.

"ಬರೆಯೋ ಕೈ ಯಾವುದು?" ಎಂದಳು ನರ್ಸಮ್ಮ.

"ಬಲಗೈ."

"ಹಾಗಾದ್ರೆ ಎಡತೋಳು ಕೊಡಿ. ಒಂದೆರಡು ದಿನ ನೋವಿರಬಹುದು, ಜ್ವರ ಬಂದ್ರೂ ಬರಬಹುದು. ಗಾಬರಿ ಬೇಡ."

"ರೀ, ನೀವು..." ಪಕ್ಕದಲ್ಲಿದ್ದ ಹೆಂಡತಿ ಬಾಯಿ ತೆರೆದಳು.

"ಸುಮ್ನಿರೇ! ನನ್ನ ಕೈ ನನಗೆ ಗೊತ್ತಿಲ್ವಾ?"

ಅವಳು ಸುಮ್ಮನಾದಳು. ಅಂದರೆ ಬಾಯಿ ಮುಚ್ಚಿದಳು ಅಷ್ಟೆ, ಕಣ್ಣು ಮಾತಾಡುತ್ತಲೇ ಇತ್ತು. ಸಂಗತಿ ಏನೆಂದರೆ ಸಿಡುಕಪ್ಪ ಹುಟ್ಟು ಎಡಚ. ಶಾಲೆಗೆ ಹೋದ ನಾಲ್ಕು ದಿನ ಮೇಷ್ಟ್ರು ಬೆರಳ ಗೆಣ್ಣಿಗೆ ಬಾರಿಸಿ ಬಾರಿಸಿ ಬಲಗೈಯಲ್ಲಿ ಬರೆಸಿದ್ದರು. ಆ ಬಲಗೈಗೆ ಗೊತ್ತಿದ್ದ ವಿದ್ಯೆ ಎರಡೇ: ಊಟ ಮತ್ತು ಸಹಿ. ಕತ್ತರಿ, ಕತ್ತಿ, ಹೊಟ್ಟೆಪಾಡು ಎಲ್ಲವೂ ಎಡಗೈಯದು.

ಮರುದಿನ ಬೆಳಿಗ್ಗೆ ಎಡತೋಳು ರುಬ್ಬುಗುಂಡಿನಷ್ಟು ಭಾರ. ಟವೆಲ್ ಒದರಲೂ ಆಗದು. ಹೆಂಡತಿಗೆ ಹೇಳಿದರೆ ಮುಗಿಯಿತು, ಬದುಕಿರುವ ತನಕ "ನಾನು ಅವತ್ತೇ ಹೇಳಿದ್ದೆ" ಎಂಬ ಪುರಾಣ ಕೇಳಬೇಕು. ಹಲ್ಲು ಕಚ್ಚಿಕೊಂಡು ಅಂಗಡಿ ತೆರೆದ.

ಮೊದಲ ಗಿರಾಕಿಯಾಗಿ ವಕ್ಕರಿಸಿದವನು ಹೆಂಡತಿಯ ತಮ್ಮ! ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುವ ಕೆಲಸ ಅವನದು. ಅದು ಸಿಕ್ಕಿದ್ದು ಓದಿಗಲ್ಲ, ಪೊರಕೆಯಂಥ ಮೀಸೆಗೆ. ಇಷ್ಟು ದಿನ ಮುಚ್ಚಿದ್ದ ಹೋಟೆಲು ನಾಳೆ ತೆರೆಯಲಿದೆ. ಮಾಸ್ಕನ್ನು ಒಂದು ಕಿವಿಗೆ ನೇತುಹಾಕಿಕೊಂಡು ಕುರ್ಚಿಯಲ್ಲಿ ಕೂತ.

"ಭಾವ, ತುದಿ ಮಾತ್ರ ಸ್ವಲ್ಪ ಸರಿ ಮಾಡಿ. ಇದು ಮೀಸೆ ಅಲ್ಲ, ನನ್ನ ಅನ್ನ."

"ನನಗೇ ಹೇಳಿಕೊಡ್ತೀಯೇನೋ?"

ಎಡಗೈ ಕತ್ತರಿ ಹಿಡಿದು ಎದೆಮಟ್ಟಕ್ಕೆ ಬಂದು ಅಲ್ಲೇ ಮುಷ್ಕರ ಹೂಡಿತು. ಹೆಂಡತಿ ಪರದೆಯ ಹಿಂದೆಯೇ ಇದ್ದಾಳೆ (ಅಂಗಡಿಯ ಹಿಂಭಾಗವೇ ಮನೆ). ನರಳುವಂತಿಲ್ಲ. ಸದ್ದಿಲ್ಲದೆ ಕತ್ತರಿಯನ್ನು ಬಲಗೈಗೆ ವರ್ಗ ಮಾಡಿದ. ಎಡಚನ ಕತ್ತರಿ ಬಲಗೈಗೆ ಬಗ್ಗುತ್ತದೆಯೇ? ಅವನ ಸಹಿ ಹೇಗಿತ್ತೋ ಮೀಸೆಯೂ ಹಾಗೇ ಸೊಟ್ಟಗಾಯಿತು. ಸಮ ಮಾಡಲು ಆ ಕಡೆ ತೆಗೆದ, ಅದು ಹೆಚ್ಚಾಯಿತು. ಈ ಕಡೆ ತೆಗೆದ. ಹೀಗೆ ಎರಡು ಪಕ್ಷಕ್ಕೂ ನ್ಯಾಯ ಹಂಚುತ್ತಾ ಹೋಗಿ, ಕೊನೆಗೆ ಮೂಗಿನ ಕೆಳಗೆ ಉಳಿದಿದ್ದು ಒಂದು ಇರುವೆ ಸಾಲು.

"ಅಕ್ಕಾ!" ಕನ್ನಡಿ ನೋಡಿದ ಭಾವಮೈದುನ ಕಿರುಚಿದ್ದಕ್ಕೆ ಬೀದಿ ನಾಯಿಗಳೂ ಬಾಗಿಲಿಗೆ ಬಂದು ಇಣುಕಿದವು.

ಹೆಂಡತಿ ಬಂದಳು. ತಮ್ಮನ ತುಟಿ ನೋಡಿದಳು, ಗಂಡನ ಜೋತುಬಿದ್ದ ತೋಳು ನೋಡಿದಳು.

"ನಾನು ಅವತ್ತೇ..."

"ಹೇಳಲಿಲ್ಲ ನೀನು! ಬಾಯಿ ತೆರೆದೆ ಅಷ್ಟೆ!"

"ನೀವು ಮುಚ್ಚಿಸಿದ್ರಿ! ಈಗ ಆ ಕುರ್ಚೀಲಿ ಕೂತ್ಕೊಳ್ಳಿ."

"ಯಾಕೆ?"

"ನನ್ನ ತಮ್ಮ ಬೋಳು ಮೂತಿ ಹೊತ್ಕೊಂಡು ಕೆಲಸ ಕಳ್ಕೊಳ್ಳೋವಾಗ, ನೀವು ಮೀಸೆ ತಿರುವಿಕೊಂಡು ಓಡಾಡೋದಾ?"

ತಡೆಯಲು ಎಡಗೈ ಏಳಲಿಲ್ಲ, ಬಲಗೈಯನ್ನು ಭಾವಮೈದುನ ಅಪ್ಪಿ ಹಿಡಿದ. ಮದುವೆಯಾದಾಗಿನಿಂದ ಪರದೆಯ ಸಂದಿಯಲ್ಲಿ ಗಂಡನ ಕೆಲಸ ನೋಡಿಕೊಂಡೇ ಬಂದವಳು ನೊರೆ ಹಚ್ಚಿ, ಸರ್ರ್ ಸರ್ರ್ ಎಂದು ಎರಡೇ ಎಳೆತಕ್ಕೆ ಗಂಡನ ಮೀಸೆ ಮುಗಿಸಿದಳು.

ಆಮೇಲೆ ತಮ್ಮನ ಕಣ್ಣೀರು ಒರೆಸಲು ಹೋದಾಗ, ಕಿವಿಯಲ್ಲಿ ನೇತಾಡುತ್ತಿದ್ದ ಮಾಸ್ಕು ಕೈಗೆ ಸಿಕ್ಕಿತು. ಮೂಗಿನ ಮೇಲೆಳೆದು ನೋಡಿದಳು.

"ಅಲ್ಲ ಕಣೋ, ನಾಳೆ ಇದನ್ನ ಹಾಕ್ಕೊಂಡು ತಾನೇ ಬಾಗಿಲಲ್ಲಿ ನಿಲ್ಲೋದು?"

"ಹೌದಲ್ವಾ ಅಕ್ಕ! ಇದನ್ನ ತೆಗೆಯೋ ಹೊತ್ತಿಗೆ ಮೀಸೆ ಬೆಳೆದೇ ಬಿಟ್ಟಿರತ್ತೆ!"

"ಮತ್ತೆ ನನ್ನದು?" ಸಿಡುಕಪ್ಪ ಗುಡುಗಿದ. (ಮೀಸೆ ಇಲ್ಲದ್ದಕ್ಕೋ ಏನೋ, ಗುಡುಗು ಕೀರಲಾಗಿತ್ತು.)

"ನಿಮ್ಮದೂ ಬೆಳೆಯತ್ತೆ ಬಿಡಿ. ಲಸಿಕೆಯ ಅಡ್ಡ ಪರಿಣಾಮ ಅಂದ್ಕೊಳ್ಳಿ."

ಅಷ್ಟರಲ್ಲಿ ಪಕ್ಕದಂಗಡಿಯ ದರ್ಜಿ ಒಳಗೆ ಬಂದು, ಸಿಡುಕಪ್ಪನ ಮುಖವನ್ನು ಬಗ್ಗಿ ಬಗ್ಗಿ ನೋಡಿದ. "ಆಹಾ, ಒಂದು ಗೀರಿಲ್ಲ! ಯಾರು ಮಾಡಿದ್ದು?"

ಹೆಂಡತಿ ಕತ್ತಿ ಒರೆಸುತ್ತಾ ನಿಂತಿದ್ದಳು.

"ಅಕ್ಕ, ನನಗೂ ನೀವೇ ಮಾಡಿ" ಎಂದು ದರ್ಜಿ ಕುರ್ಚಿಯಲ್ಲಿ ಕೂತೇಬಿಟ್ಟ.

ಅವತ್ತು ಸಿಡುಕಪ್ಪನ ಬಲಗೈ ಮೂರನೆಯ ವಿದ್ಯೆ ಕಲಿಯಿತು: ಹೆಂಡತಿಗೆ ಟವೆಲ್ ಎತ್ತಿಕೊಡುವುದು.