ನಾ ಬರದ ನಂಬರಿಗೆ ಅವರ ಮುಸುಕು

ನಮ್ಮ ಅಂಗಡಿ ಮುಂದ ವಾರಕ್ಕೊಮ್ಮೆರ ಈ ಜಗಳ ಆಗೂದ ಆಗೂದು: ನಾಕು ಮಂದಿ ನೋಡ್ಲಿ ಅಂತ ನಾ ಬರದುಕೊಡ್ತೇನಿ, ಯಾರೂ ನೋಡಬಾರದು ಅಂತ ಅವರು ಮುಚ್ಚತಾರ.

ನಾ ಹುನಗುಂದದಾಗ ಪೇಂಟರ್. ನಮ್ಮಪ್ಪ ಮಗ್ಗದ ಮುಂದ ಕುಂತು ಸೀರಿ ನೇಯ್ದ, ನಾ ತಗಡಿನ ಮುಂದ ಕುಂತು ಗಾಡಿ ನಂಬರ್ ಬರದೆ. ಮೂವತ್ತು ವರ್ಷ ಆತು. ನನ್ನ ಕೈಯಾನ ಎಂಟು ನೋಡಿದವರು, ಇದು ಹುನಗುಂದದ ಎಂಟು ಅಂತ ದೂರದಿಂದನ ಹೇಳ್ತಾರ. ಜಂಬ ಕೊಚ್ಚಿಕೊಳ್ಳಾಕ ಹೇಳೂದಿಲ್ಲ ನಾ, ಇದ್ದದ್ದನ್ನ ಇದ್ದಂಗ ಹೇಳ್ತೇನಿ.

ಆಮ್ಯಾಲ ಅಚ್ಚು ಹಾಕಿದ ಸರಕಾರಿ ಪ್ಲೇಟ್ ಬಂತು, ಹೊಸಾ ಗಾಡಿಯವರು ನನ್ನ ಕಡೆ ಬರೂದು ನಿಂತು ಹೋತು. ಉಳದವರು ಹಳೇ ಕಾರಿನ ಹುಚ್ಚರು. ಅಂಬಾಸಿಡರ್, ಫಿಯಾಟ್, ಜೀಪು ಇಟ್ಟುಕೊಂಡು ಮಕ್ಕಳಿಗಿಂತ ಹೆಚ್ಚು ಜ್ವಾಕಿ ಮಾಡ್ತಾರಲ್ಲ, ಅವರು. ಅವರಿಗೆ ರೋಡಿಗೆ ಅಚ್ಚಿನ ಪ್ಲೇಟ್, ಫೋಟೋಕ್ಕ ನನ್ನ ಪ್ಲೇಟ್. ಮನ್ಯಾಗ ಉಡೂ ಸೀರಿ ಬ್ಯಾರೆ, ಮದುವ್ಯಾಗ ಉಡೂ ಸೀರಿ ಬ್ಯಾರೆ, ಹಂಗ. ಅಚ್ಚಿನ ಪ್ಲೇಟಿನ ಮ್ಯಾಲ ನನ್ನ ತಗಡನ್ನ ಎರಡು ಕೊಂಡಿಲೆ ಸಿಗಸತಾರ, ಫೋಟೋ ತಗೀತಾರ, ಬಿಚ್ಚಿ ಡಿಕ್ಕ್ಯಾಗ ಇಡ್ತಾರ. ಅಂದ್ರ ನನ್ನ ಪ್ಲೇಟ್ ಹುಟ್ಟೂದ ಫೋಟೋದ ಸಲುವಾಗಿ. ಆ ಫೋಟೋ ಮೊಬೈಲಿನ್ಯಾಗ ಹಾಕೂ ಮುಂದ ಮಾತ್ರ ಅದರ ಮ್ಯಾಲ ಬಿಳೀದು ಬಳದು ಹಾಕ್ತಾರ. ನನ್ನ ಹೊಟ್ಟಿ ಹೆಂಗ ಉರಿಯೂದಿಲ್ಲ ಹೇಳ್ರಿ.

ಅದರಾಗ ಇಳಕಲ್ಲಿನ್ಯಾಗ ನಮ್ಮ ಬೀಗರು ಅದಾರ, ಮಗಳ ಮಾವ. ಸಿಕ್ಕಾಗೊಮ್ಮೆ, "ಈಗ ನಿಮ್ಮ ಕೆಲಸ ಮುಗದಂಗ ಅಲ್ರಿ ಬೀಗರ?" ಅಂತ ಕೇಳ್ತಾರ. ಪಾಪ, ಕೆಟ್ಟ ಮನಸ್ಸಿಲೆ ಅಲ್ಲ. ಖರೆ ಅದು ನನಗ ನೆಟ್ಟಗ ಎದಿಗೆ ಬಂದು ನಾಟತಿತ್ತು. ಒಮ್ಮೆ, ಒಂದ ಒಂದು ಫೋಟೋದಾಗ ನನ್ನ ಕೆಲಸ ಮಂದಿಗೆ ಕಾಣಬೇಕು, ಅದನ್ನ ಬೀಗರು ನೋಡಬೇಕು. ನನಗ ಬೇಕಾಗಿದ್ದು ಇಷ್ಟ.

ಸೆರಗಿನ ಮರ್ಯಾಗ

ಇಳಕಲ್ಲಿನ ಸೀರಿ ವ್ಯಾಪಾರಿಯೊಬ್ಬರಿಗೆ ಬಿಳೀ ಅಂಬಾಸಿಡರ್ ಐತಿ. ಅವರಿಗೆ ನಾ ಹದಿನೈದು ದಿನ ತಗೊಂಡು ಪ್ಲೇಟ್ ಬರದುಕೊಟ್ಟೆ. ಕೈಯಾಗ ಹಿಡಕೊಂಡು ಭಾಳ ಹೊತ್ತು ನೋಡಿದ್ರು, ಚಂದ ಆಗೈತಿ ಅಂದ್ರು. ಮರುದಿನ ಫೋಟೋ ಹಾಕಿದ್ರು. ನೋಡ್ತೇನಿ, ಬಂಪರ್ ಮ್ಯಾಲ ಕೆಂಪು ಸೆರಗಿನ ಸೀರಿ ಹಾಸ್ಯಾರ. ನನ್ನ ನಂಬರ್ ಅದರ ಬುಡಕ ಹೋಗಿ ಮಲಗೈತಿ.

ಯಾಕ್ರಿ ಹಿಂಗ ಮಾಡಿದ್ರಿ ಅಂತ ಫೋನ್ ಹಚ್ಚಿ ಕೇಳಿದೆ. ಕಾಲ ಕೆಟ್ಟೈತೋ, ಗಾಡಿ ಯಾರದು ಅಂತ ಗೊತ್ತಾಗಬಾರದು ಅಂದ್ರು. ಜೊತಿಗೆ ನಮ್ಮ ಊರ ಸೀರೀದೂ ಪ್ರಚಾರ ಆಗತೈತಿ ಅಂದ್ರು. ವ್ಯಾಪಾರಿ ತಲಿ ನೋಡ್ರಿ.

ಸಂಜೀಕ ಅವರ ಮನಿಗೆ ಬಾದಾಮಿಯಿಂದ ಫೋನ್ ಬಂತು. ಹೆಂಡತಿ ತಂಗಿದು. ಸೀರಿ ಅಂಗಡಿ ಮಾಲ್ ಆಗಿರಲಿಲ್ಲ. ಅವಸರದಾಗ ಮನಿ ಕಪಾಟಿನಿಂದ ಎಳಕೊಂಡು ಬಂದಿದ್ರು. ಮನಿ ಒಕ್ಕಲಕ್ಕ ಆಕಿ ಅಕ್ಕಗ ಆಯೇರಿ ಮಾಡಿದ ಸೀರಿ ಅದು. ಸೆರಗಿನ ದಡಿ ನೋಡಿದ್ದ ತಡ ಗುರುತ ಹಿಡದಾಳ. ನಾ ಕೊಟ್ಟ ಸೀರಿಯಿಂದ ಗಾಡಿ ಒರಸತೀರೇನು ಅಂತ ಆಕಿ ಅಕ್ಕನ್ನ ಕೇಳಿದ್ಲು, ಅಕ್ಕ ಗಂಡನ್ನ ಕೇಳಿದ್ಲು. ಎಂಟು ದಿನ ಮನ್ಯಾಗ ರೊಟ್ಟಿ ಬಡ್ಯೂ ಸಪ್ಪಳ ಅಷ್ಟ ಇತ್ತಂತ, ಮಾತು ಇರಲಿಲ್ಲ.

ಆಮ್ಯಾಲ ಅಂಗಡಿಗೆ ಬಂದು ಕುಂತು ಹೇಳಿದ್ರು: "ಗಾಡಿ ಯಾರದು ಅಂತ ಮಂದಿಗೆ ಗೊತ್ತಾಗಲಿಲ್ಲೋ. ಸೀರಿ ಯಾರದು ಅಂತ ಗೊತ್ತಾತು."

ಕೆಂಪು ಗುಡ್ಡದ ಕೆಳಗ

ಬಾದಾಮಿಯೊಳಗ ಒಬ್ಬರು ಲಾಡ್ಜ್ ಇಟ್ಟಾರ. ಅವರದು ಹಸರ ಫಿಯಾಟ್. ಆ ಗಾಡಿ ಬಗ್ಗೆ ಒಂದು ಕೆಟ್ಟ ಮಾತು ಕೇಳಿದ್ರ ಅವರಿಗೆ ಅವತ್ತು ಊಟ ಸೇರೂದಿಲ್ಲ. ಒಂದು ದಿನ ಮಳಿ ಬಂದು ನಿಂತ ಮ್ಯಾಲ ಹಿಂದ ಕೆಂಪು ಗುಡ್ಡ, ಮುಂದ ಫಿಯಾಟ್, ಹಂಗ ಫೋಟೋ ತಗದು ಹಾಕಿದ್ರು. ಪ್ಲೇಟಿನ ಮ್ಯಾಲ ಒಂದು ಹಳದಿ ಹೂವಿನ ಚಿತ್ರ ಮೆತ್ತಿದ್ರು.

ನಾ ಸಿಟ್ಟಿಲೆ ಫೋನ್ ದೂರ ಒಗ್ಯಾಕ ಹೊಂಟಿದ್ದೆ, ಅಷ್ಟರಾಗ ಕಣ್ಣಿಗೆ ಬಿತ್ತು. ಗಾಡಿ ಮುಂದ ಮಳಿ ನೀರು ನಿಂತಿತ್ತು. ಆ ನೀರಾಗ ನನ್ನ ನಂಬರ್ ತಲಿಕೆಳಗಾಗಿ ಸ್ವಚ್ಛ ಕಾಣತಿತ್ತು, ಓದಾಕೂ ಬರ್ತಿತ್ತು. ತಲಿಕೆಳಗಾದ್ರೂ ನನ್ನ ಎಂಟು ಎಂಟ ನೋಡ್ರಿ. ಹೆಂಡತಿಗೆ ತೋರಿಸಿದೆ. ಇದನ್ನ ಬೀಗರಿಗೆ ಕಳಸೂನು ಅಂದೆ. ಬೀಗರು ಫೋನ್ ಬುಡಮೇಲ ಮಾಡಿ ನೋಡಬೇಕೇನು ಅಂದ್ಲು. ಆ ವಿಚಾರ ಅಲ್ಲಿಗೇ ಬಿಟ್ಟೆ.

ನಾ ಸುಮ್ಮನಿದ್ದರ ಆಗತಿತ್ತು. ಖರೆ ಬಾಯಿ ಸುಮ್ಮನಿರಬೇಕಲ್ಲ. ಲಾಡ್ಜಿನವರಿಗೆ ಫೋನ್ ಹಚ್ಚಿ, ಮ್ಯಾಲ ಹೂವು ಇಟ್ಟ್ರಿ, ಕೆಳಗ ಏನ್ ಮಾಡ್ತೀರಿ ಅಂತ ಕೆಣಕಿದೆ. ಅವರು ಗಾಬರ್ಯಾಗಿ ಆ ಫೋಟೋ ತಗದ್ರು, ನೀರಿನ ಮ್ಯಾಲೂ ಕರೇದು ಬಳದು ಹೊಸಾದು ಹಾಕಿದ್ರು.

ಒಂದು ತಾಸಿನೊಳಗ ಊರ ಮಂದಿಯೆಲ್ಲಾ ಅವರಿಗೆ ಫೋನ್ ಮಾಡಾಕ ಹತ್ತಿದ್ರು, ನಿಮ್ಮ ಗಾಡಿ ಎಣ್ಣಿ ಸೋರಾಕ ಹತ್ತೈತಿ ನೋಡ್ರಿ ಅಂತ. ಮೂರು ಮಂದಿ ಮೇಸ್ತ್ರಿಗಳು ಪಾನಾ ಹಿಡಕೊಂಡು ಮನಿಗೇ ಬಂದ್ರಂತ.

ಹೆಲ್ಮೆಟ್ ಹಾಕಿದ ಜೀಪು

ಮರೋಳದ ಕಡೆ ಕೆಲಸ ಹಿಡ್ಯೂ ಗುತ್ತೇದಾರೊಬ್ಬರು ನನ್ನ ಗೆಳ್ಯಾರು. ಅವರದು ಹಳೇ ಜೀಪು. ಅವರಿಗೆ ನಾ ಗಂಟು ಬಿದ್ದೆ. ಎಲ್ಲಾರೂ ಅಂಜುಬುರುಕರು, ನೀವು ಗಂಡಸರು, ನಂಬರ್ ಮುಚ್ಚದ ಫೋಟೋ ಹಾಕ್ರಿ ಅಂತ ಹುರಿದುಂಬಿಸಿದೆ. ಅವರು ಮೀಸಿ ತಿರುವಿಕೊಂಡು ಹಾಕೇ ಬಿಟ್ರು. ಬೆಳಕಂದ್ರ ಬೆಳಕು, ನಂಬರ್ ಅಂದ್ರ ನಂಬರ್. ಬೀಗರಿಗೆ ಕಳಸಬೇಕಂದ್ರ ಅವರ ಫೋನ್ ಕೆಟ್ಟು ರಿಪೇರಿಗೆ ಹೋಗಿತ್ತು. ನನ್ನ ನಸೀಬ.

ಬೀಗರ ಫೋನ್ ತಿರುಗಿ ಬರೂ ಮದಲ, ತಿಂಗಳು ತುಂಬೂದರಾಗ ಗುತ್ತೇದಾರ್ರು ಒಂದು ಕಾಗದ ಹಿಡಕೊಂಡು ಅಂಗಡಿಗೆ ಬಂದ್ರು. ಮಾರಿ ಗಂಟು ಹಾಕ್ಕೊಂಡಿತ್ತು. ಹೆಲ್ಮೆಟ್ ಇಲ್ಲದ ಗಾಡಿ ಹೊಡದೀರಿ, ದಂಡ ತುಂಬ್ರಿ ಅಂತ ಅದರಾಗ ಬರದಿತ್ತು. ಯಾವನೋ ಒಬ್ಬ ಫೋಟೋ ನೋಡಿ ಅದ ನಂಬರನ್ನ ತನ್ನ ಮೋಟರ್ ಸೈಕಲ್ಲಿಗೆ ಬರಸಿಕೊಂಡಿದ್ದ.

ನನಗ ನಾಚಿಕಿ ಆತು, ಸುಳ್ಳ ಯಾಕ ಹೇಳಬೇಕು. ನಾನ ಹಾಕಸಿದ ಫೋಟೋ. ಮದಲ ಅದನ್ನ ತಗಸಿದೆ, ಆಮ್ಯಾಲ ಇಬ್ಬರೂ ಪೊಲೀಸ್ ಆಫೀಸಿಗೆ ಹೋಗಿ, ಇದು ನಾಕು ಗಾಲಿ ಗಾಡಿ ಅಂತ ಅರ್ಜಿ ಕೊಟ್ಟು ಬಂದ್ವಿ. ತಪಾಸ ಆಗೂ ಮಟ ಸ್ವಲ್ಪ ದಿನ ಹಿಡೀತೈತಿ ಅಂದ್ರು.

ಆ ಸ್ವಲ್ಪ ದಿನ ಗುತ್ತೇದಾರ್ರು ಏನ್ ಮಾಡಿದ್ರು ಗೊತ್ತೇನ್ರಿ? ಇನ್ನೊಂದು ಕಾಗದ ಬಂದೀತಂತ ಅಂಜಿ ಹೆಲ್ಮೆಟ್ ಹಾಕ್ಕೊಂಡು ಜೀಪು ಹೊಡದ್ರು. ಬಾಜೂಕ ಕುಂತ ಹೆಂಡತಿಗೂ ಒಂದು ಹಾಕಿದ್ರು.

ಹನ್ನೊಂದು ತಗಡು

ಹೆಲ್ಮೆಟ್ಟಿನ ಸುದ್ದಿ ಬಾಗಲಕೋಟಿ ಮಟ ಹೋತು. ಅಲ್ಲಿ ಹಲ್ಲಿನ ಡಾಕ್ಟರ್ರೊಬ್ಬರು ಈ ಹಳೇ ಕಾರಿನವರ ಗುಂಪಿಗೆ ಹಿರಿಯರು. ಆ ಸುದ್ದಿ ಕೇಳೂ ಮದಲ ಅವರು ನನಗ ಹನ್ನೊಂದು ಪ್ಲೇಟ್ ಹೇಳಿದ್ರು. ಕೂಡಲಸಂಗಮದಾಗ ಸೀರಿ ವ್ಯಾಪಾರಿ ಅಂಬಾಸಿಡರ್ ಸೈತ ಎಲ್ಲಾ ಕಾರು ಸೇರಸಿ ಫೋಟೋ ತಗಸೂದು, ಅದನ್ನ ದೇಶಾ ಪೂರಾ ನೋಡೂಹಂಗ ಹಾಕೂದು ಅಂತ ಇತ್ತು. ನಾ ಜೀವಾ ಸುರದು ಬರದೆ. ಇಳಕಲ್ಲಿಗೆ ಹೋಗಿ ಬೀಗರಿಗೆ, ಈ ಸಲ ನೋಡ್ರಿ ಅಂತ ಎದಿ ತಟ್ಟಿ ಹೇಳಿ ಬಂದೆ.

ಹನ್ನೊಂದು ಮುಗಿಸಿ ಬ್ರಶ್ ತೊಳ್ಯಾಕ ಹತ್ತಿದ್ದೆ, ಡಾಕ್ಟರ್ರ ಫೋನ್ ಬಂತು. ಜೀಪಿನವರ ಫಜೀತಿ ಕೇಳೇನಿ, ಈ ಸಲ ಒಂದೂ ನಂಬರ್ ಕಾಣಬಾರದು ಅಂದ್ರು. ಫೋನಿನ್ಯಾಗ ಅಳಸಿದ್ರ ಅಸಹ್ಯ ಕಾಣತೈತಿ, ಅದಕ್ಕ ಮ್ಯಾಲ ಸಿಗಸಾಕ ಹನ್ನೊಂದು ಚಂದ ತಗಡು ಮಾಡಿಕೊಡು ಅಂದ್ರು. ನಾ ಬರದದ್ದನ್ನ ಮುಚ್ಚಾಕ ನಾನ ಬರದುಕೊಡಬೇಕಂತ. ತಗಡಿನ ಮ್ಯಾಲ ಏನ್ ಬರೀಲ್ರಿ ಅಂದೆ. ನಿನಗ ತಿಳದದ್ದು ಬರಿ, ಗಾಡಿ ನಂಬರ್ ಒಂದು ಕಾಣದಿದ್ರ ಸಾಕು ಅಂದ್ರು.

ನಂದು ಮೂಗಿನ ತುದ್ಯಾಗ ಸಿಟ್ಟು. ಹೆಂಡತಿ, ಬಿಡ್ರಿ ಅತ್ತಾಗ, ಕೆಲಸ ಬಂತಲ್ಲ ಅಂದ್ಲು. ಆತು ಅಂದೆ. ಹನ್ನೊಂದರ ಮ್ಯಾಲೂ ನನಗ ತಿಳದದ್ದನ್ನ ಬರದೆ. ಮ್ಯಾಲ ನನ್ನ ಹೆಸರು, ಕೆಳಗ 'ನಂಬರ್ ಪ್ಲೇಟ್ ಪೇಂಟರ್, ಹುನಗುಂದ', ಅದರ ಕೆಳಗ ನನ್ನ ಫೋನು.

ಸಂಗಮದಾಗ ಅವರೆಲ್ಲಾ ಒಗ್ಗರಣಿ ಮಿರ್ಚಿ ತಿನ್ನೂ ಹೊತ್ತಿನ್ಯಾಗ ನಾನ ಒಬ್ಬವ ಹನ್ನೊಂದೂ ಸಿಗಸಿದೆ. ಒಬ್ಬರೂ ಓದಲಿಲ್ಲ. ಅವರ ಕಣ್ಣೆಲ್ಲಾ ಬಾಜೂಕಿನವರ ಗಾಡಿ ಪಾಲಿಶ್ ಮ್ಯಾಲ. ಫೋಟೋ ಹೋತು. ಸಂಜೀಮುಂದ ಡಾಕ್ಟರ್ರ ಫೋನ್ ಬಂತು, ಇದೇನೋ ಮಾಡೀದಿ ಅಂತ.

"ಡಾಕ್ಟರ್ ಸಾಹೇಬ್ರ, ಒಂದಾದ್ರೂ ಗಾಡಿ ನಂಬರ್ ಕಾಣತೈತೇನ್ರಿ?"

ಆ ಕಡಿಂದ ಹಲ್ಲು ಕಡದ ಸಪ್ಪಳ ಕೇಳಿತು. ಹಲ್ಲಿನ ಡಾಕ್ಟರ್ರ ಹಂಗ ಮಾಡಿದ್ರ ಹೆಂಗ ಅಂತ ನನಗ ಒಳಗ ನಗು.

ಮರುದಿನದಿಂದ ನನ್ನ ಫೋನಿಗೆ ಪುರಸತ್ತಿಲ್ಲ. ಸಾಹುಕಾರ್ರ, ಹನ್ನೊಂದು ಕಾರು ಇಟ್ಟೀರಂತ, ಮದುವಿಗೆ ಒಂದು ಕಳಸ್ರಿ ಅಂತ ಒಬ್ಬ. ನಿಮಗ ಗಂಡಸ ಮಕ್ಕಳು ಅದಾರೇನ್ರಿ, ನಮ್ಮ ಕಡೆ ಛಲೋ ಕನ್ಯಾ ಐತಿ ಅಂತ ಇನ್ನೊಬ್ಬ. ಹೆಂಡತಿ ನನಗ ಚಹಾ ಕೊಡೂ ಮುಂದ, ತಗೋರಿ ಸಾಹುಕಾರ್ರ ಅನ್ನಾಕ ಹತ್ತಿದ್ಲು.

ಕಡೀಕ ಬೀಗರ ಫೋನ್ ಬಂತು. ನಾ ಎದ್ದು ನಿಂತು ಮಾತಾಡಿದೆ. ಫೋಟೋ ನೋಡಿದ್ರಂತ, ಸಂತೋಷ ಆತಂತ. "ನಿಮ್ಮ ಹೆಸರು ಕಾಣತು, ಫೋನ್ ಕಾಣತು ಬೀಗರ. ನೀವು ಬರದ ನಂಬರ್ ಎಲ್ಲಿ?" ಅಂದ್ರು.

ಬಾದಾಮಿ ಬಸ್ ಸ್ಟ್ಯಾಂಡ್ ಮುಂದ

ಬೀಗರ ಮಾತು ಕೇಳಿ ಎರಡು ದಿನ ನನಗ ಬ್ರಶ್ ಹಿಡ್ಯಾಕ ಮನಸ್ಸಾಗಲಿಲ್ಲ. ಮೂರನೇ ದಿನ ಬಾದಾಮಿಯಿಂದ ಒಬ್ಬ ಪೊಲೀಸರ ಫೋನ್ ಬಂತು. ಬಸ್ ಸ್ಟ್ಯಾಂಡ್ ಮುಂದ ನಿಮ್ಮ ಬಿಳೀ ಅಂಬಾಸಿಡರ್ ಅಡ್ಡ ನಿಂತೈತಿ, ಬಂದು ತಗೀರಿ ಅಂದ್ರು. ನಂದಲ್ರಿ ಅಂದೆ. ಹೆಸರು ನಿಮ್ಮದ, ಫೋನ್ ನಿಮ್ಮದ, ಗಾಡಿ ಹೆಂಗ ನಿಮ್ಮದಲ್ಲ ಅಂದ್ರು. ಅವರ ಮಾತೂ ಬರೋಬರಿನ ಇತ್ತು.

ತಿಳೀತು ನನಗ. ಸೀರಿ ವ್ಯಾಪಾರಿ ನಾದಿನಿಗೆ ಹೊಸಾ ಸೀರಿ ಕೊಟ್ಟು ರಾಜಿ ಆಗಾಕ ಬಾದಾಮಿಗೆ ಹೋಗ್ಯಾರ, ಸಂಗಮದಾಗ ಸಿಗಸಿದ ತಗಡು ಬಿಚ್ಚೂದನ್ನ ಮರತಾರ. ಅವರಿಗೆ ಫೋನ್ ಹಚ್ಚಿದ್ರ ಎತ್ತಲಿಲ್ಲ. ನಾ ಬಸ್ ಹತ್ತಿ ಹೋದೆ.

ಬಸ್ಸಿನಿಂದ ಇಳದು ನಾ ಹೆಸರು ಹೇಳಿದ್ದನ್ನ ಕೇಳಿ ಪೊಲೀಸರು ನನ್ನ ಮ್ಯಾಲಿಂದ ಕೆಳಗಿನ ಮಟ ನೋಡಿದ್ರು. ಹನ್ನೊಂದು ಕಾರಿನವರು ಬಸ್ಸಿಗೆ ಯಾಕ ಬಂದ್ರಿ ಅಂತ ಕೇಳಿದ್ರು, ಅವರೂ ಆ ಫೋಟೋ ನೋಡಿದ್ರು. ನಾ ಎಲ್ಲಾ ಬಿಡಿಸಿ ಹೇಳೂದರಾಗ ವ್ಯಾಪಾರಿ ಓಡಿಕೋತ ಬಂದು ಕೈ ಮುಗಿದು ನಿಂತ್ರು.

ರೋಡಿನ್ಯಾಗ ನಂಬರ್ ಮುಚ್ಚೂದು ತಪ್ಪು, ಬಿಚ್ಚ್ರಿ ಅಂದ್ರು ಪೊಲೀಸರು. ವ್ಯಾಪಾರಿ ನನ್ನ ಹೆಸರಿನ ತಗಡು ಬಿಚ್ಚಿದ್ರು. ಅದರ ಹಿಂದ ನಾ ಬರದ ಪ್ಲೇಟ್ ಬಂತು. ಪೊಲೀಸರು ಬಗ್ಗಿ ನೋಡಿದ್ರು. ಇದೂ ನಡೆಯೂದಿಲ್ಲ, ಬಿಚ್ಚ್ರಿ ಅಂದ್ರು. ವ್ಯಾಪಾರಿ ಅದನ್ನೂ ಬಿಚ್ಚಿದ್ರು. ಅದರ ಹಿಂದ ಅಚ್ಚಿನ ಪ್ಲೇಟ್ ಬಂತು. ಪೊಲೀಸರು ಅದನ್ನೂ ಬೆರಳಿಲೆ ಬಡದು ನೋಡಿ, ಇದರ ಹಿಂದ ಇನ್ನೇನರ ಐತೇನ್ರಿ ಅಂತ ಕೇಳಿದ್ರು.

ವ್ಯಾಪಾರಿಗೆ ಬೈದ್ರು, ಎಚ್ಚರಿಕಿ ಕೊಟ್ಟು ಬಿಟ್ರು. ಆಮ್ಯಾಲ ಎರಡೂ ತಗಡು ಬಾನೆಟ್ ಮ್ಯಾಲ ಇಟ್ಟು ನೋಡಕೋತ ಅಂದ್ರು: "ಮೂರರಾಗ ನಡುವಿಂದು ಚಂದ ಐತಿ ನೋಡ್ರಿ. ಈ ಎಂಟು ಯಾರು ಬರದದ್ದು?"

"ನಾನ್ರಿ," ಅಂದೆ. ಮೂವತ್ತು ವರ್ಷದಾಗ ಖಾಕಿ ಹಾಕಿದವರೊಬ್ಬರು ನನ್ನ ಪ್ಲೇಟ್ ನೋಡಿ ಚಂದ ಐತಿ ಅಂದದ್ದು ಅದ ಮದಲು.

ಇಷ್ಟು ಛಲೋ ಕೆಲಸ ಮುಚ್ಚಿ ಇಡಬಾರದ್ರಿ ಅಂತ ಅವರ ಹೇಳಿದ್ರು. ಆ ಪ್ಲೇಟ್ ನನ್ನ ಕೈಯಾಗ ಕೊಟ್ಟು, ಎದಿಗೆ ಹಿಡಕೊಂಡು ನಿಲ್ರಿ ಅಂತ ತಮ್ಮ ಫೋನಿನ್ಯಾಗ ಫೋಟೋ ತಗದ್ರು. ನಾ ಜೀವನದಾಗ ಅಷ್ಟು ನೆಟ್ಟಗ ಎಂದೂ ನಿಂತಿರಲಿಲ್ಲ. ಸಾಹೇಬ್ರ, ಇದನ್ನ ನನಗ ಕಳಸ್ರಿ, ಬೀಗರಿಗೆ ತೋರಸಬೇಕು ಅಂದೆ. ಅವರು ಫೋನ್ ತಿಕ್ಕಿ ತಿಕ್ಕಿ ಏನೋ ಮಾಡಿ ಕಳಿಸಿದ್ರು.

ಬಸ್ಸಿನ್ಯಾಗ ಕುಂತು ನೋಡೂನು ಅನ್ನೂವಷ್ಟು ತಾಳ್ಮಿ ನನಗೆಲ್ಲಿ, ಅಲ್ಲೇ ತಗದೆ. ನನ್ನ ಮಾರಿ ಸ್ವಚ್ಛ ಬಂದಿತ್ತು, ಹಲ್ಲು ಸೈತ ಎಣಿಸಬಹುದಿತ್ತು. ಎದಿ ಮ್ಯಾಲ ಹಿಡಕೊಂಡ ಪ್ಲೇಟಿನ ಜಾಗದಾಗ ಮಾತ್ರ ಬೆಳ್ಳಗ ಸುಣ್ಣ ಬಳದಂಗ ಆಗಿತ್ತು.

ನಾ ಫೋಟೋ ನೋಡಿದೆ, ಅವರ ಮಾರಿ ನೋಡಿದೆ. ಅವರು ನನ್ನ ಹೆಗಲ ಮ್ಯಾಲ ಕೈ ಇಟ್ಟು ಸಮಾಧಾನದಿಂದ ಹೇಳಿದ್ರು:

"ಮಂದಿ ಗಾಡಿ ನಂಬರ್ ಹಂಗ ಕಳಸಬಾರದ್ರಿ, ಯಾರರ ನಕಲ ಮಾಡ್ತಾರ. ನಿಮ್ಮ ಮಾರಿ ಇರಲಿ ಬಿಡ್ರಿ, ಅದನ್ನ ಯಾರೂ ನಕಲ ಮಾಡೂದಿಲ್ಲ."